ಏಳನೆಯ ಸಾಮಾನು

ಬಿಸಿಲಿನ ಪಟ್ಟಿ ಇನ್ನೊಂದು ಟೈಲ್ಸ್ ದಾಟಿದರೆ ಅಜ್ಜಿಯ ಕಾಲಿನ ಹೆಬ್ಬೆರಳಿಗೆ ತಾಗುತ್ತದೆ, ತಾಗುವುದರೊಳಗೆ ಟೋಕನ್ ಹದಿನಾಲ್ಕು ಕರೆಯುತ್ತಾರೋ ಇಲ್ಲವೋ, ಕರೆಯದಿದ್ದರೆ ಕುರ್ಚಿ ಬದಲಾಯಿಸಬೇಕು, ಬದಲಾಯಿಸೋಣವೆಂದರೆ ಖಾಲಿ ಇರುವುದು ಫ್ಯಾನಿನ ಕೆಳಗಿನದು ಒಂದೇ, ಫ್ಯಾನಿನ ಗಾಳಿ ಮುಖಕ್ಕೆ ಬಿದ್ದರೆ ಅಜ್ಜಿಗೆ ಕೆಮ್ಮು ಹತ್ತಿಕೊಳ್ಳುತ್ತದೆ — ರಂಜಿನಿ ನೆಲ ನೋಡುತ್ತ ಕೂತಿದ್ದಾಳೆ, ಬಿಸಿಲು ನಡೆಯುವುದು ಕಣ್ಣಿಗೆ ಕಾಣುವುದಿಲ್ಲ, ಬೇರೆ ಕಡೆ ನೋಡಿ ತಿರುಗಿದರೆ ಮಾತ್ರ ಒಂದು ಹೆಜ್ಜೆ ಮುಂದೆ ಬಂದಿರುತ್ತದೆ, ಕಳ್ಳಬೆಕ್ಕಿನ ಹಾಗೆ. ಬಸವನಗುಡಿಯ ಈ ಎದೆ ಡಾಕ್ಟರ ಕ್ಲಿನಿಕ್ಕು ಮೊದಲು ಯಾರದೋ ಮನೆಯಾಗಿತ್ತಂತೆ, ಇದು ಅವರ ಪಡಸಾಲೆ, ಇಲ್ಲಿ ಯಾರು ಕೂತು ಹೂ ಕಟ್ಟುತ್ತಿದ್ದರೋ, ಈಗ ಎಂಟು ಜನ ಕೂತು ಕೆಮ್ಮುತ್ತಿದ್ದಾರೆ, ಒಬ್ಬೊಬ್ಬರ ಕೆಮ್ಮು ಒಂದೊಂದು ತರಹ, ಅಜ್ಜಿಯದು ಒಣಗಿದ ತೊಗಟೆ ಮುರಿದ ಹಾಗೆ. ನಾಲ್ಕು ತಿಂಗಳ ಹಿಂದೆ ಬಿಸಿಲೆಂದರೆ ಮನೆಯ ಆಳು, ತಾರಸಿಯ ಮೇಲೆ ಬೇರು ಒಣಗಿಸಿಕೊಡುತ್ತಿತ್ತು, ಬಳ್ಳಿ ಒಣಗಿಸಿಕೊಡುತ್ತಿತ್ತು, ಸಂಡಿಗೆ ಒಣಗಿಸಿಕೊಡುತ್ತಿತ್ತು, ಈಗ ಅದು ಅಜ್ಜಿಯ ಮಾತ್ರೆಗೆ ಆಗಿಬರುವುದಿಲ್ಲ, ಮಾತ್ರೆ ಮೈಯಲ್ಲಿರುವಾಗ ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗೆ ಕೆಂಪಾಗುತ್ತದೆ, ಡಾಕ್ಟರ್ ಹೇಳಿದಾಗ ಅಜ್ಜಿ ನಕ್ಕಿದ್ದರು, ಎಪ್ಪತ್ತೊಂದು ವರ್ಷ ಈ ಸೂರ್ಯಪ್ಪನ ಕೆಳಗೇ ಬದುಕಿದೀನಿ ಕಣಮ್ಮ, ಈಗ ಅವನು ನನ್ನ ಏನು ಮಾಡ್ತಾನೆ. ಹತ್ತೇ ನಿಮಿಷ ತಾರಸಿಗೆ ಹೋಗಿದ್ದು, ಮುಂಗೈ ಎರಡೂ ಬೆಂದ ಬೀಟ್‌ರೂಟು. ಅವತ್ತಿನಿಂದ ಉದ್ದ ತೋಳಿನ ರವಿಕೆ, ಮುಖಕ್ಕೆ ಬಿಳೀ ಕ್ರೀಮು, ಕಪ್ಪು ಕೊಡೆ, ಚಾಮರಾಜಪೇಟೆಯ ಮನೆಯಿಂದ ಆಟೋ ನಿಲ್ಲುವ ಮೂಲೆಗೆ ಇರುವ ಇಪ್ಪತ್ತು ಹೆಜ್ಜೆಗೂ ಕೊಡೆ, ಕೊಡೆ ಹಿಡಿಯುವವಳು ರಂಜಿನಿ, ಪೂರ್ತಿ ಹೆಸರು ಶಿವರಂಜಿನಿ, ಗಾಂಧಿನಗರದ ಒಂದು ಆಫೀಸಿನಲ್ಲಿ ಸಿನಿಮಾಗಳಿಗೆ ಸಬ್‌ಟೈಟಲ್ ಬರೆಯುವವಳು, ಇವತ್ತು ಅರ್ಧ ದಿನ ರಜೆ.

ಸಬ್‌ಟೈಟಲ್ ಬರೆಯುವವರಿಗೆ ಒಂದು ಕೆಟ್ಟ ಅಭ್ಯಾಸ, ಯಾರು ಮಾತಾಡಿದರೂ ಎಷ್ಟು ಸೆಕೆಂಡು ಅಂತ ಎಣಿಸುವುದು, ಅಜ್ಜಿಯ ಮಾತು ಮೊದಲು ಒಂದೇ ಉಸಿರಿಗೆ ಹನ್ನೆರಡು ಸೆಕೆಂಡು ಓಡುತ್ತಿತ್ತು, ಈಗ ನಾಲ್ಕು, ಕೆಲವೊಮ್ಮೆ ಮೂರು. ಕಥೆ ಹೇಳುವಾಗ ಹೂಂ ಅನ್ನಬೇಕು, ಹೂಂ ಅನ್ನದಿದ್ದರೆ ಕಥೆ ಮುಂದೆ ಹೋಗುವುದಿಲ್ಲ ಅಂತ ಅಜ್ಜಿಯದೇ ಕಾನೂನು, ಚಿಕ್ಕವಳಿದ್ದಾಗ ರಂಜಿನಿ ಹೂಂ ಅನ್ನುತ್ತಿದ್ದದ್ದು ನಿದ್ದೆ ಬಂದಿಲ್ಲ ಅಂತ ತೋರಿಸಲಿಕ್ಕೆ, ಈಗ ಅನ್ನುವುದು ಬೇರೆ ಲೆಕ್ಕ, ಹೂಂ ಅನ್ನು ಉದ್ದ ಎಳೆದರೆ ಅಜ್ಜಿಗೆ ಒಂದು ಉಸಿರು ಎಳೆದುಕೊಳ್ಳಲು ಜಾಗ ಸಿಗುತ್ತದೆ, ಇಬ್ಬರಿಗೂ ಅದು ಗೊತ್ತು, ಇಬ್ಬರೂ ಅದನ್ನು ಹೇಳಿಕೊಳ್ಳುವುದಿಲ್ಲ. ಪೇಟೆಯಲ್ಲಿ ಒಬ್ಬ ದರ್ಜಿ ಇದ್ದನಂತೆ, ಹೂಂ, ಸೂಜಿ ಕೈಯಲ್ಲಿ ಹಿಡಿದೇ ಸತ್ತನಂತೆ, ಹೂಂ, ಸತ್ತವನು ದೆವ್ವವಾಗಿ ಒಬ್ಬಳ ಹರಿದ ಸೆರಗು ಹೊಲಿಯಲಿಕ್ಕೆ ಬಂದನಂತೆ, ಹೊಲಿದ, ಎಷ್ಟು ಚೆನ್ನಾಗಿ ಅಂದರೆ ಹರಿದದ್ದೇ ಕಾಣದ ಹಾಗೆ, ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ, ರವಿಕೆಯ ತೋಳು ಹೊಲಿದು ಮುಚ್ಚಿದ, ಕಿಟಕಿ ಹೊಲಿದ, ಬಾವಿಯ ಬಾಯಿ ಹೊಲಿದ, ಊರವರು ಬಾಯಿ ತೆರೆದು ಕೂಗೋಣವೆಂದರೆ ಬಾಯಿಗೂ ಹೊಲಿಗೆ. ಚಳಿಗಾಲದಲ್ಲಿ ಸ್ಕ್ಯಾನಿನ ಚಿತ್ರ ದೀಪದೆದುರು ಹಿಡಿದು ಡಾಕ್ಟರ್ ಆರಾಧನಾ ತೋರಿಸಿದಾಗ ರಂಜಿನಿಗೆ ಅಲ್ಲಿ ಕಂಡದ್ದು ಆ ದರ್ಜಿಯ ನೂಲು, ಶ್ವಾಸಕೋಶದ ತಳದಲ್ಲಿ ಬಿಳೀ ಬಿಳೀ ಎಳೆ, ಡಾಕ್ಟರ್ ಅಂದರು ಗಾಯ ಮಾಯೋದು ಒಳ್ಳೇದೇ ಅಲ್ವಾ, ಆದ್ರೆ ಇವರ ಎದೆಗೆ ಮಾಯಿಸೋದನ್ನ ನಿಲ್ಲಿಸೋಕೆ ಗೊತ್ತಾಗ್ತಿಲ್ಲ, ಗಾಯ ಇಲ್ಲದ ಕಡೆನೂ ಕಲೆ ಕಟ್ಟುತ್ತೆ, ಕಲೆ ಕಟ್ಟಿದ ಜಾಗ ಹಿಗ್ಗಲ್ಲ, ಗಾಳಿ ಹಿಡಿಯಲ್ಲ. ಯಾಕೆ ಹಾಗೆ, ಅಂದಳು ರಂಜಿನಿ. ನಲವತ್ತು ವರ್ಷ ನಮ್ಮ ಗಿಡಮೂಲಿಕೆ ಅಂಗಡಿಯಲ್ಲಿ ಬೇರು ಕುಟ್ಟಿದ ಧೂಳಾ? ಇರಬಹುದು, ಇಲ್ಲದೇನೂ ಇರಬಹುದು, ತುಂಬಾ ಜನಕ್ಕೆ ಕಾರಣವೇ ಸಿಗಲ್ಲ. ಮಾತ್ರೆ ತಗೊಂಡ್ರೆ ಆ ಕಲೆ ಹೋಗುತ್ತಾ? ಹೋಗಲ್ಲ, ಕಟ್ಟಿದ್ದು ಬಿಚ್ಚಲ್ಲ, ಇನ್ನು ಕಟ್ಟೋದನ್ನ ನಿಧಾನ ಮಾಡುತ್ತೆ ಅಷ್ಟೆ, ಪಿರ್ಫೆನಿಡೋನ್ ಅಂತ. ಅಷ್ಟೇನಾ ಅಂದರು ಅಜ್ಜಿ, ಡಾಕ್ಟರ್ ಮುಖ ಸಣ್ಣ ಮಾಡಿಕೊಂಡರು, ಅಜ್ಜಿಯೇ ಸಮಾಧಾನ ಹೇಳಿದರು, ಪರವಾಗಿಲ್ಲ ಬಿಡಮ್ಮ, ದರ್ಜಿ ಸ್ವಲ್ಪ ತೂಕಡಿಸಲಿ ಸಾಕು. ಡಾಕ್ಟರಿಗೆ ಯಾವ ದರ್ಜಿ ಅಂತ ಗೊತ್ತಾಗಲಿಲ್ಲ.

ಮಾತ್ರೆಗೆ ಮಡಿಯಿದೆ ಅಂತ ಅಜ್ಜಿಯೇ ಹೆಸರಿಟ್ಟರು, ಮೊದಲ ವಾರ ಹೊತ್ತಿಗೆ ಒಂದು, ಎರಡನೇ ವಾರ ಹೊತ್ತಿಗೆ ಎರಡು, ಆಮೇಲೆ ಮೂರು, ದಿನಕ್ಕೆ ಮೂರು ಹೊತ್ತು, ಬರೀ ಹೊಟ್ಟೆಗೆ ಕೂಡದು, ಊಟದ ನಡುವೆ ನುಂಗಬೇಕು, ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡರಷ್ಟು ನುಂಗಕೂಡದು, ತಿಂಗಳಿಗೊಮ್ಮೆ ರಕ್ತ ಕೊಡಬೇಕು, ಲಿವರ್ ತಡೆದುಕೊಳ್ಳುತ್ತಿದೆಯೋ ಇಲ್ಲವೋ ನೋಡಲಿಕ್ಕೆ. ಬೆಳಗ್ಗೆ ಇಷ್ಟಲಿಂಗ ಪೂಜೆಯಾಗದೆ ಒಂದು ಗುಟುಕು ನೀರೂ ಮುಟ್ಟದ ಅಜ್ಜಿ ಪೂಜೆಯನ್ನು ಅರ್ಧ ಗಂಟೆ ಬೇಗ ಮುಗಿಸತೊಡಗಿದರು, ಇಡ್ಲಿಯ ನಡುವೆ ಮಾತ್ರೆ, ಮುದ್ದೆಯ ನಡುವೆ ಮಾತ್ರೆ, ರಂಜಿನಿ ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮನೆ ಮಾಡಿದಳು, ಮಾತ್ರೆ ಎಷ್ಟು, ಏನು ತಿಂದದ್ದು, ವಾಕರಿಕೆ ಇತ್ತಾ, ಬಿಸಿಲಿಗೆ ಹೋದದ್ದು, ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ಎಷ್ಟು ಬಂತು, ತೂಕ. ಅಪ್ಪ ಬಸವಪ್ರಭು, ಈಗ ಮಾಮೂಲ್‌ಪೇಟೆಯ ಅಂಗಡಿಯಲ್ಲಿ ಕೂರುವವರು, ನೋಟ್‌ಬುಕ್ ತಿರುವಿ ನೋಡಿ ಅಂದರು ನನ್ನ ಎಸ್ಸೆಲ್ಸಿಗೂ ಯಾರೂ ಇಷ್ಟು ಬರೆದಿರ್ಲಿಲ್ಲ. ಎರಡು ತಿಂಗಳು ಲಿವರಿನ ಅಂಕಿ ಸರಿಯಾಗಿತ್ತು, ಇಪ್ಪತ್ತೆಂಟು, ಆಮೇಲೆ ಮೂವತ್ತೊಂದು, ನಲವತ್ತರೊಳಗಿದ್ದರೆ ಚಿಂತೆಯಿಲ್ಲ, ಏಪ್ರಿಲ್ ಕೊನೆಗೆ ಒಮ್ಮೆಲೇ ನೂರಾ ಹದಿನೆಂಟು. ಡಾಕ್ಟರ್ ಪೆನ್ನು ಕೆಳಗಿಟ್ಟು ಕೇಳಿದರು, ಬೇರೆ ಏನಾದ್ರೂ ಔಷಧಿ ತಗೋತಿದೀರಾ ಅಜ್ಜಿ, ಜ್ವರದ ಮಾತ್ರೆ, ನೋವಿನ ಮಾತ್ರೆ? ಏನೂ ಇಲ್ಲಮ್ಮ ಅಂದರು ಅಜ್ಜಿ, ರಂಜಿನಿಯೂ ತಲೆಯಾಡಿಸಿ ನೋಟ್‌ಬುಕ್ ತೋರಿಸಿದಳು, ನೋಡಿ ಮೇಡಂ ಎಲ್ಲಾ ಬರ್ದಿದೀನಿ. ಸರಿ, ಹೊತ್ತಿಗೆ ಒಂದಕ್ಕೆ ಇಳಿಸೋಣ, ಹದಿನೈದು ದಿನ ಬಿಟ್ಟು ಮತ್ತೆ ರಕ್ತ, ಇಳಿದಿದ್ರೆ ಸಂತೋಷ, ಏರಿದ್ರೆ ಈ ಮಾತ್ರೆ ನಿಲ್ಲಿಸಲೇಬೇಕು, ಲಿವರ್ ಕೆಡಿಸಿ ಎದೆ ಉಳಿಸೋಕಾಗಲ್ಲ. ಇವತ್ತು ಹದಿನೈದನೇ ದಿನ, ಲ್ಯಾಬಿನ ಲಕೋಟೆ ಅಜ್ಜಿಯ ಕೈಚೀಲದಲ್ಲಿ ಅಂಟಿಸಿದ ಹಾಗೇ ಇದೆ, ಡಾಕ್ಟ್ರೇ ಬಿಚ್ಚಲಿ ಅಂತ ಅಜ್ಜಿಯ ಅಪ್ಪಣೆ, ಆದರೆ ಲ್ಯಾಬಿನವರು ಫೋನಿಗೂ ಕಳಿಸುತ್ತಾರೆ ಅಂತ ಅಜ್ಜಿಗೆ ಗೊತ್ತಿಲ್ಲ, ರಂಜಿನಿ ಬೆಳಗ್ಗೆ ಏಳೂವರೆಗೇ ನೋಡಿದ್ದಾಳೆ, ನೂರಾ ಅರವತ್ತನಾಲ್ಕು. ಮಾತ್ರೆ ಮೂರರಲ್ಲಿ ಒಂದು ಪಾಲಿಗೆ ಇಳಿದಿದೆ, ಅಂಕಿ ಏರಿದೆ, ಇದು ಯಾವ ನ್ಯಾಯ, ಮಾತ್ರೆಯೇ ಕಾರಣವಾಗಿದ್ದರೆ ಮಾತ್ರೆ ಇಳಿದಾಗ ಅದೂ ಇಳಿಯಬೇಕಲ್ಲ, ಸ್ವಲ್ಪವಾದರೂ — ಈ ಪ್ರಶ್ನೆ ಬೆಳಗ್ಗಿನಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಅಡಿಕೆ ಚೂರಿನ ಹಾಗೆ, ನಾಲಿಗೆ ಅಲ್ಲಿಗೇ ಹೋಗುತ್ತದೆ. ಈ ಮಾತ್ರೆ ನಿಂತರೆ ದರ್ಜಿ ಎದ್ದು ಕೂರುತ್ತಾನೆ, ನಾಲ್ಕು ಸೆಕೆಂಡು ಮೂರಾಗುತ್ತದೆ, ಮೂರು ಎರಡು.

ಏನಮ್ಮಾವ್ರೇ, ನನಗಿಂತ ಬೆಳ್ಳಗಾಗಿ ಬಂದಿದೀರಿ, ಅಂತ ಎದುರಿಂದ ಧ್ವನಿ, ಧರ್ಮರಾಜು, ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿಯವರು, ಅಜ್ಜಿಗೆ ಬಂದ ಕಾಯಿಲೆಯೇ, ಅಜ್ಜಿ ನುಂಗುವ ಮಾತ್ರೆಯೇ, ಆದರೆ ಅವರು ನುಂಗಲು ಶುರುಮಾಡಿ ವರ್ಷದ ಮೇಲಾಯಿತು, ಹಾಗಾಗಿ ಸೀನಿಯರ್. ಮೇ ತಿಂಗಳ ಸೆಕೆಯಲ್ಲಿ ತುಂಬುತೋಳಿನ ಅಂಗಿ, ಕುತ್ತಿಗೆಗೆ ಮಫ್ಲರ್, ಕೆನ್ನೆಯ ಮೇಲೆ ಸರಿಯಾಗಿ ತಿಕ್ಕದ ಕ್ರೀಮು. ಕೂತ್ಕೊಳ್ಳಿ ಧರ್ಮರಾಜು, ಕ್ರೀಮನ್ನ ಹಚ್ಕೋಬೇಕು, ಸುಣ್ಣ ಹೊಡ್ಕೊಂಡಂಗೆ ಹೊಡ್ಕೋಬಾರದು, ಅಂದರು ಅಜ್ಜಿ, ಮೂರು ಸೆಕೆಂಡು, ಉಸಿರು, ಆಮೇಲೆ ನಗು. ಏನ್ಮಾಡ್ಲಿ ಅಮ್ಮಾ, ಮಾರ್ಕೆಟ್ನಲ್ಲಿ ಕೊಡೆ ಹಿಡ್ಕೊಂಡು ಈ ಮುಖ ಹೊತ್ಕೊಂಡು ಹೋದ್ರೆ ಎಲ್ಲಾ ಕೂಗ್ತಾರೆ, ಮದುವೆ ಹೆಣ್ಣು ಬಂತು ದಾರಿ ಬಿಡ್ರೋ ಅಂತ, ನನ್ನ ಹೆಂಡ್ತಿ ಮುನಿಗಂಗಮ್ಮ ಬೇರೆ, ಮೂವತ್ತು ವರ್ಷದಲ್ಲಿ ನನಗೆ ಒಂದು ಪೌಡರ್ ಡಬ್ಬಿ ತಂದ್ಕೊಡ್ಲಿಲ್ಲ ನೀವು, ಈಗ ನೋಡಿದ್ರೆ ನಿಮಗೇ ತಿಂಗಳಿಗೆರಡು ಟ್ಯೂಬು ಅಂತಾಳೆ. ಅಜ್ಜಿ ನಕ್ಕು ಕೆಮ್ಮಿ, ಕೆಮ್ಮಿ ನಕ್ಕು, ರಂಜಿನಿ ನೀರಿನ ಬಾಟಲಿ ಮುಚ್ಚಳ ತಿರುಗಿಸಿ ಕೊಟ್ಟಳು. ಬಿಸಿಲು ಹೆಬ್ಬೆರಳಿಗೆ ಬಂತು, ಅಜ್ಜಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು, ಅಷ್ಟೇ, ಕುರ್ಚಿ ಬದಲಾಯಿಸುವುದೇನೂ ಬೇಕಾಗಲಿಲ್ಲ, ಇಷ್ಟು ಸುಲಭದ್ದು ತನಗೆ ಯಾಕೆ ಹೊಳೆಯಲಿಲ್ಲ. ಧರ್ಮರಾಜು ಧ್ವನಿ ತಗ್ಗಿಸಿದರು, ಇವತ್ತು ನನಗೆ ಯಾಕೋ ಎದೆ ಹೊಡ್ಕೋತಿದೆ ಅಮ್ಮಾ, ವರ್ಷದಿಂದ ನನ್ನ ಲಿವರಿಂದು ಮೂವತ್ತೈದರ ಹತ್ರನೇ ಇತ್ತು, ಮೊನ್ನೆ ತೆಗೆಸಿದ್ರೆ ತೊಂಬತ್ತಾರು, ಡಾಕ್ಟ್ರು ಫೋನ್ ಮಾಡಿ ಬನ್ನಿ ಅಂದ್ರು, ಕುಡಿಯಲ್ಲ, ಬೀಡಿ ಬಿಟ್ಟೆ, ಮಾಂಸನೂ ಕಮ್ಮಿ, ಇನ್ನೇನು ಮಾಡ್ಲಿ, ಅದಕ್ಕೆ ನಿಮ್ಮ ಪುಡಿನ ಬೆಳಗ್ಗೆ ಒಂದ್ಸಲ ಕುದಿಸ್ತಿದ್ದೋನು ಸಂಜೆನೂ ಕುದಿಸೋಕೆ ಶುರು ಮಾಡಿದೀನಿ, ಇನ್ನೊಂದು ಪೊಟ್ಟಣ ಬೇಕಾಗುತ್ತೆ. ಕೊಡ್ತೀನಿ ಬಿಡಿ, ಪ್ರಭುಗೆ ಹೇಳಿ ಕಳಿಸ್ತೀನಿ, ಅಂದರು ಅಜ್ಜಿ.

ನಿಮ್ಮ ಪುಡಿ — ನಿಮ್ಮ ಪುಡಿ — ಯಾವಾಗ ಕೊಟ್ಟದ್ದು, ಏಪ್ರಿಲ್ ಮೊದಲ ವಾರ, ಹೌದು, ಊದುವ ಪರೀಕ್ಷೆಗೆ ಬಂದಾಗ ಇದೇ ಕುರ್ಚಿ ಸಾಲಿನಲ್ಲಿ, ಲಿವರ್‌ಗೆ ನಮ್ಮ ಮನೆ ಕಷಾಯ ಕುಡೀರಿ, ಮಾಮೂಲ್‌ಪೇಟೆಗೆ ಬನ್ನಿ ಅಂದದ್ದು ಅಜ್ಜಿ, ಅವರ ಅಂಕಿ ಅದರ ಮೊದಲು ಮೂವತ್ತೈದು ಅದರ ಆಮೇಲೆ ತೊಂಬತ್ತಾರು, ಅಜ್ಜಿಯ ಅಂಕಿ ಮೂವತ್ತೊಂದು ಆಮೇಲೆ ನೂರಾ ಹದಿನೆಂಟು, ಅಜ್ಜಿ ಕಷಾಯ ಶುರುಮಾಡಿದ್ದು ಯಾವಾಗ, ರಂಜಿನಿ ನೋಟ್‌ಬುಕ್ ತೆಗೆದಳು, ಮಾತ್ರೆಯ ಮನೆ ಇದೆ, ತಿಂಡಿಯ ಮನೆ ಇದೆ, ಕಷಾಯದ ಮನೆಯೇ ಇಲ್ಲ, ಯಾಕಿಲ್ಲ, ದಿನಾ ಬೆಳಗ್ಗೆ ಅವಳೇ ಪುಡಿ ಕುದಿಸಿ ಕೊಡುತ್ತಾಳೆ, ಅವಳ ಕಣ್ಣೆದುರೇ ಹಿತ್ತಾಳೆ ಲೋಟದಲ್ಲಿ ಅಜ್ಜಿ ಕುಡಿಯುತ್ತಾರೆ, ಮುಖ ಕಿವಿಚುತ್ತಾರೆ, ಬೆಲ್ಲದ ಚೂರು ಕೇಳುತ್ತಾರೆ, ಬೆಲ್ಲದ ಚೂರು ನೋಟ್‌ಬುಕ್ಕಿನಲ್ಲಿದೆ, ನೋಡು, ತಿಂಡಿಯ ಮನೆಯಲ್ಲಿ, ಇಡ್ಲಿ ಎರಡು, ಬೆಲ್ಲ ಸ್ವಲ್ಪ, ಬೆಲ್ಲವನ್ನು ಬರೆದವಳಿಗೆ ಕಷಾಯ ಕಾಣಲಿಲ್ಲವಲ್ಲ. ಮಾತ್ರೆ ಫ್ರಿಜ್ಜಿನ ಮೇಲಿನ ಡಬ್ಬಿಯದು, ಕಷಾಯ ಒಲೆಯ ಕಡೆಯದು, ಸಾರಿನ ಹಾಗೆ, ಕಾಫಿಯ ಹಾಗೆ, ಬೇರೆ ಔಷಧಿ ಏನಾದ್ರೂ ಅಂತ ಡಾಕ್ಟರ್ ಕೇಳಿದರೆ ಸಾರು ಕುಡೀತೀವಿ ಅಂತ ಯಾರು ಹೇಳುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಹೇಳಿ ಹೇಳಿ ಗಿರಾಕಿಗಳನ್ನು ಬೈಯುವ ಅಂಗಡಿ ಅವರದು, ಮನೆಯಲ್ಲಿರೋ ಮದ್ದಿಗೆ ಬೆಲೆ ಕೊಡಲ್ಲ ನೀವು ಅಂತ, ಆ ಅಂಗಡಿಯವರೇ ಅದನ್ನು ಮದ್ದು ಅಂತ ಡಾಕ್ಟರೆದುರು ಎಣಿಸಲಿಲ್ಲ. ಶುರುವಾದದ್ದು ಯುಗಾದಿ ಮುಗಿದ ವಾರ, ಈಗ ನೆನಪಾಯಿತು, ಇನ್ನೂ ಕೆಟ್ಟದಾಗಿ ನೆನಪಾಯಿತು, ಮಾತ್ರೆಯ ಡಬ್ಬಿಯೊಳಗೆ ಹದಿನಾರು ಮಡಿಕೆ ಮಡಿಚಿದ ಕಾಗದವನ್ನು ಬಿಚ್ಚಿ ಓದಿದವಳು ತಾನೇ, ಅವಳಿಗೆ ಬಸ್ ಟಿಕೆಟ್ಟಿನ ಹಿಂಭಾಗವನ್ನೂ ಓದದೆ ಬಿಡಲಾಗದು, ಇರುವೆ ಸಾಲಿನಂಥ ಅಕ್ಷರ, ಅಜ್ಜೀ ಕೇಳು, ಈ ಮಾತ್ರೆಯಿಂದ ಲಿವರ್‌ಗೆ ತೊಂದರೆ ಆಗಬಹುದಂತೆ, ಕಣ್ಣು ಹಳದಿ ಆದ್ರೆ, ಮೂತ್ರ ಕಡು ಬಣ್ಣ ಆದ್ರೆ ತಕ್ಷಣ ಹೇಳಬೇಕಂತೆ. ಅಷ್ಟೇ ತಾನೆ, ಲಿವರ್‌ಗೆ ನಮ್ಮನೇಲೇ ಇದೆಯಲ್ಲ, ಅಂದರು ಅಜ್ಜಿ ಖುಷಿಯಾಗಿ, ಮೊಮ್ಮಗಳು ಪ್ರಶ್ನೆ ಕೇಳಿ ತನಗೆ ಉತ್ತರ ಗೊತ್ತಿದ್ದ ಖುಷಿ. ಕಾವಲಿಗೆ ಕಳಿಸಿದವನೇ ಕನ್ನ ಕೊರೆದನೇ, ಅಥವಾ ಇಲ್ಲವೇ, ಗೊತ್ತಿಲ್ಲ, ಗೊತ್ತಿಲ್ಲ, ಆದರೆ ಇಬ್ಬರ ಅಂಕಿ, ಒಂದೇ ತಿಂಗಳು, ಒಂದೇ ಪುಡಿ.

ಅವಳು ಪೆನ್ನು ತೆಗೆದು ಕೊನೆಯ ಗೆರೆಯ ಆಚೆ, ಅಂಚಿನಲ್ಲಿ, ಇನ್ನೊಂದು ಮನೆ ಎಳೆದಳು, ತಲೆಬರಹ ಕಷಾಯ, ಮಾರ್ಚ್ ಕೊನೆಯ ವಾರದಿಂದ ಒಂದೊಂದು ದಿನಕ್ಕೂ ಒಂದೊಂದು ಚುಕ್ಕೆ, ಅಜ್ಜಿ ಪಕ್ಕದಿಂದ ನೋಡುತ್ತಿದ್ದಾರೆ, ನಲವತ್ತು ವರ್ಷ ಪೊಟ್ಟಣ ಕಟ್ಟಿದ ಕಣ್ಣು, ತಲೆಕೆಳಗಾದ ಅಕ್ಷರವನ್ನೂ ಓದುತ್ತದೆ. ಏನೇ ಅದು? ಡಾಕ್ಟರಿಗೆ ಹೇಳಬೇಕು ಅಜ್ಜಿ. ಏನು ಹೇಳಬೇಕು? ಕಷಾಯದ ವಿಷಯ. ಅಜ್ಜಿ ಸೆರಗು ಸರಿಮಾಡಿಕೊಂಡರು, ಅದು ಕೋಪ ಬರುವ ಮುಂಚಿನ ಸರಿಮಾಡಿಕೊಳ್ಳುವುದು, ಹೇಳು, ಹೇಳು, ನಮ್ಮತ್ತೆ ಕೈಯಿಂದ ಬಂದಿದ್ದು, ಬಾಣಂತಿಯರಿಗೆ ಕೊಟ್ಟಿದೀನಿ, ಕಾಮಾಲೆ ಅಂತ ಬಂದೋರಿಗೆ ಕೊಟ್ಟಿದೀನಿ, ಒಬ್ಬರೂ ಬಂದು, ಅಮ್ಮಾವ್ರೇ ನಿಮ್ಮಿಂದ ಕೆಟ್ಟಿತು ಅಂದಿಲ್ಲ — ಉಸಿರು — ಈ ಮಾತ್ರೆ ಬಂದು ನಾಲ್ಕು ತಿಂಗಳಾಗಿಲ್ಲ, ಅದು ಸಾಚಾ, ನನ್ನ ಬಳ್ಳಿ ಕಳ್ಳಿ. ಕಳ್ಳಿ ಅಂತ ನಾನೆಲ್ಲಂದೆ ಅಜ್ಜಿ, ಆಗ ಕುಡಿದೋರು ಯಾರೂ ಈ ಮಾತ್ರೆ ನುಂಗ್ತಿರ್ಲಿಲ್ಲ ಅಲ್ವಾ, ಎರಡೂ ಒಟ್ಟಿಗೆ ಹೋದ್ರೆ ಏನಾಗುತ್ತೆ ಅಂತ ಯಾರಿಗೆ ಗೊತ್ತು, ಅಂದಳು ಪಿಸುಗುಟ್ಟಿ. ಬೇರೆ ಮಾತಾಡು, ಅಂದರು ಅಜ್ಜಿ, ಧರ್ಮರಾಜು ಮಫ್ಲರಿನ ತುದಿ ತಿರುಚುತ್ತ ಮೇಲೆ ಫ್ಯಾನು ನೋಡುತ್ತಿದ್ದಾರೆ, ಕೇಳಿಸಿಕೊಂಡವರ ಹಾಗೆಯೂ ಅಲ್ಲ, ಕೇಳದವರ ಹಾಗೆಯೂ ಅಲ್ಲ. ಅಜ್ಜಿ ಕಿಟಕಿಯ ಕಡೆ ತಿರುಗಿದರು. ಇದು ಬರೀ ಅಭಿಮಾನವಲ್ಲ, ರಂಜಿನಿಗೆ ಗೊತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದಾಳೆ, ಡಾಕ್ಟರ್ ಕಷಾಯ ಅಂದರೆ ಏನೇನು ಹಾಕ್ತೀರಿ ಅಂತ ಕೇಳಿಯೇ ಕೇಳುತ್ತಾರೆ, ಆಗ ಏಳನೆಯದು ಬರುತ್ತದೆ. ಆರು ಸಾಮಾನು ಎಲ್ಲರಿಗೂ ಗೊತ್ತು, ಅಪ್ಪನಿಗೂ ಗೊತ್ತು, ಏಳನೆಯದು ಮನೆಯ ಸೊಸೆಯಿಂದ ಸೊಸೆಗೆ, ಕಿವಿಯಲ್ಲಿ, ಒಬ್ಬರಿಗೆ ಮಾತ್ರ, ಪುಡಿ ಕುಟ್ಟುವ ದಿನ ಅಜ್ಜಿ ಉಗ್ರಾಣದ ಬಾಗಿಲು ಹಾಕಿಕೊಂಡು ಅದನ್ನು ಸೇರಿಸಿ ಹೊರಗೆ ಬರುತ್ತಾರೆ, ಅಮ್ಮನಿಗೂ ಇನ್ನೂ ಹೇಳಿಲ್ಲ, ಸಮಯ ಬಂದಾಗ ಹೇಳ್ತೀನಿ ಅಂತ, ರಂಜಿನಿ ಚಿಕ್ಕಂದಿನಿಂದ ಪುಡಿಯನ್ನು ನಾಲಿಗೆ ತುದಿಗಿಟ್ಟು ಹುಡುಕಿದ್ದಾಳೆ, ಒಂದು ಸಲ ಬೆಂಕಿಯ ವಾಸನೆ, ಒಂದು ಸಲ ಸೋಂಪಿನ ಹಾಗೆ ತಂಪು, ಪ್ರತಿ ಸಲ ಕೈಗೆ ಸಿಕ್ಕಿತು ಅನ್ನುವಷ್ಟರಲ್ಲಿ ಇನ್ನೇನೋ.

ಹದಿನಾಲ್ಕು, ಶಿವಕುಮಾರಿ ಅವರು, ಅಂತ ಕರೆದೇ ಬಿಟ್ಟರು. ಎದ್ದು ನಿಲ್ಲಲಿಕ್ಕೆ ಒಂದು ಉಸಿರು, ನಡೆಯಲಿಕ್ಕೆ ಎರಡು, ಡಾಕ್ಟರ್ ಆರಾಧನಾ ರಂಜಿನಿಗಿಂತ ಹತ್ತು ವರ್ಷ ದೊಡ್ಡವರಿರಬಹುದು, ಕಣ್ಣಿನ ಕೆಳಗೆ ಕಪ್ಪು, ಟೇಬಲ್ಲಿನ ಮೇಲೆ ಅರ್ಧ ತಿಂದ ಬಿಸ್ಕತ್ತು, ಲಕೋಟೆ ಹರಿದರು, ಓದಿದರು, ಅಜ್ಜೀ ಏರಿದೆ, ನೂರಾ ಅರವತ್ತನಾಲ್ಕು. ಅಜ್ಜಿ ರಂಜಿನಿಯ ಮುಖ ನೋಡಿದರು, ಅವಳ ಮುಖದಲ್ಲಿ ಆಶ್ಚರ್ಯವಿಲ್ಲದ್ದು ಕಂಡಿತೋ ಏನೋ. ಡಾಕ್ಟರ್ ಕೆಳರೆಪ್ಪೆ ಎಳೆದು ಕಣ್ಣಿನ ಬಿಳಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಮಾತ್ರೆ ಕಮ್ಮಿ ಮಾಡಿದ್ರೂ ಏರ್ತಿದೆ, ನನಗೆ ಇದು ಅರ್ಥ ಆಗ್ತಿಲ್ಲ, ಇನ್ನೊಂದ್ಸಲ ಕೇಳ್ತೀನಿ, ಯೋಚನೆ ಮಾಡಿ ಹೇಳಿ, ಬೇರೆ ಏನಾದ್ರೂ ಒಳಗೆ ಹೋಗ್ತಿದೆಯಾ? ಯಾಕೆ ಕೇಳ್ತಿದೀನಿ ಅಂದ್ರೆ, ಮಾತ್ರೆಯಿಂದಲೇ ಆಗಿದ್ರೆ ಈ ಮಾತ್ರೆ ನಿಮಗೆ ಮತ್ತೆ ಕೊಡೋಕಾಗಲ್ಲ, ಬೇರೆ ಯಾವುದರಿಂದಲೋ ಆಗಿದ್ರೆ ಅದನ್ನ ನಿಲ್ಲಿಸಿ, ಲಿವರ್ ಸುಧಾರಿಸಿದ ಮೇಲೆ ಮಾತ್ರೆ ವಾಪಸ್ ಶುರು ಮಾಡಬಹುದು. ರಂಜಿನಿ ನೋಟ್‌ಬುಕ್ಕನ್ನು ಟೇಬಲ್ಲಿನ ಮೇಲಿಟ್ಟಳು, ತೆರೆಯಲಿಲ್ಲ, ಮೇಲೆ ಕೈಯಿಟ್ಟುಕೊಂಡಳು, ಹೇಳಿದರೆ ಅಜ್ಜಿಯನ್ನು ಬಿಟ್ಟುಕೊಟ್ಟಂತೆ, ಹೇಳದಿದ್ದರೆ ಅಜ್ಜಿಯನ್ನೇ ಬಿಟ್ಟಂತೆ, ಬಾಯಿ ತೆರೆಯಬೇಕು, ಈಗ, ಒಂದು, ಎರಡು, ಮೂರು ಸೆಕೆಂಡು, ನಾನೇ — ಅಂದಳು, ನಾನೇ ಮೇಡಂ, ದಿನಾ ಬೆಳಗ್ಗೆ — ಅಜ್ಜಿಯ ಕೈ ಅವಳ ಮಣಿಕಟ್ಟಿನ ಮೇಲೆ ಬಂತು, ತಡೆಯಲಿಕ್ಕೋ, ಊರಿಕೊಳ್ಳಲಿಕ್ಕೋ. ಹೊರಗೆ ಧರ್ಮರಾಜು ಇದಾರೆ, ಅಂದರು ಅಜ್ಜಿ ಡಾಕ್ಟರಿಗೆ. ಹೌದು ಅಜ್ಜಿ, ಅವರದು ಹದಿನಾರು, ಆಮೇಲೆ ನೋಡ್ತೀನಿ. ಆಮೇಲಲ್ಲ, ಈಗ್ಲೇ ಕರೀರಿ, ಉಸಿರು, ಅವರು ನನ್ನ ನಂಬಿ ಕುಡೀತಿದಾರೆ, ನನ್ನದು ನಾನು ನೋಡ್ಕೋತಿದ್ದೆ, ನನ್ನ ಲಿವರ್ ನನ್ನಿಷ್ಟ, ಅವರ ಮನೇಲಿ ಅವರೊಬ್ಬರೇ ದುಡಿಯೋರು. ಏನು ಕುಡೀತಿದಾರೆ, ಅಂದರು ಡಾಕ್ಟರ್. ರಂಜಿನಿ ಕೈ ತೆಗೆದು ನೋಟ್‌ಬುಕ್ ತೆರೆದು ಅಂಚಿನ ಮನೆಯ ಮೇಲೆ ಬೆರಳಿಟ್ಟಳು.

ಧರ್ಮರಾಜು ಬಾಗಿಲ ಹತ್ತಿರ ಮಫ್ಲರ್ ಬಿಚ್ಚಿ ಕೈಯಲ್ಲಿ ಹಿಡಿದು ನಿಂತರು, ಮೇಷ್ಟ್ರ ಕೋಣೆಗೆ ಕರೆಸಿಕೊಂಡವರ ಹಾಗೆ. ಡಾಕ್ಟರ್ ಬೈಯುತ್ತಾರೆ ಅಂತ ರಂಜಿನಿ ಕಾದಳು, ಬೈಯಲಿಲ್ಲ, ತಮ್ಮ ಹಣೆಯನ್ನೇ ಒಮ್ಮೆ ತಟ್ಟಿಕೊಂಡರು, ಔಷಧಿ ಅಂತ ಕೇಳಿದೆ, ಕಷಾಯ ಅಂತ ಕೇಳಲಿಲ್ಲ, ನಮ್ಮಮ್ಮನೂ ಹೇಳ್ತಿರಲಿಲ್ಲ, ನನ್ನ ತಪ್ಪೂ ಇದೆ. ಆಮೇಲೆ ಅಂದರು, ಇದೇ ಅಂತ ನಾನೀಗ ಹೇಳಲ್ಲ, ಮಾತ್ರೆನೂ ಇರಬಹುದು, ಎರಡೂ ಸೇರಿ ಇರಬಹುದು, ಆದ್ರೆ ಕೆಲವು ಬಳ್ಳಿ ಬೇರು ಕೆಲವರ ಲಿವರ್‌ಗೆ ಆಗಲ್ಲ, ಅಮೃತಬಳ್ಳಿ ಬಗ್ಗೆ ನಾವು ಓದಿದೀವಿ, ಇಬ್ಬರೂ ಇವತ್ತಿಂದ ಕಷಾಯ ಬಿಡಿ, ಮಾತ್ರೆನೂ ನಿಲ್ಲಿಸಿ, ಹತ್ತು ದಿನಕ್ಕೆ ರಕ್ತ, ಇಳಿದ್ರೆ ಮಾತ್ರೆ ಮತ್ತೆ ಹೊತ್ತಿಗೆ ಒಂದರಿಂದ, ನೀವಾಗೇ ಏರಿಸಬೇಡಿ ಧರ್ಮರಾಜು ಅವ್ರೇ, ಕೇಳಿಸ್ತಾ. ಕೇಳಿಸ್ತು ಮೇಡಂ, ಹತ್ತು ದಿನ ಮಾತ್ರೆ ಇಲ್ಲ ಅಂದ್ರೆ ಬಿಸಿಲಿಗೆ ಹೋಗಬಹುದಾ? ಡಾಕ್ಟರಿಗೆ ನಗು ಬಂತು, ಮೊದಲು ಒಂದೆರಡು ದಿನ ಕೊಡೆ ಬಿಡಬೇಡಿ. ಮದುವೆ ಹೆಣ್ಣಿಗೆ ಇನ್ನೆರಡು ದಿನ ಮೆರವಣಿಗೆ, ಅಂದರು ಅಜ್ಜಿ, ಯಾರನ್ನೂ ನೋಡದೆ. ಧರ್ಮರಾಜು ಕೈಮುಗಿದರು, ಅಜ್ಜಿಗೋ ಡಾಕ್ಟರಿಗೋ. ಈಗ ಅಜ್ಜಿ, ಅಂತ ಡಾಕ್ಟರ್ ಬಿಳೀ ಹಾಳೆಯೊಂದನ್ನು ಟೇಬಲ್ಲಿನ ಮೇಲೆ ಸರಿಸಿದರು, ಆ ಕಷಾಯದಲ್ಲಿ ಏನೇನಿದೆ ಬರೆದುಕೊಡಿ, ಎಲ್ಲಾ, ಒಂದೂ ಬಿಡದೆ, ಯಾವುದು ಅಂತ ಗೊತ್ತಿದ್ರೆ ತಾನೆ ಮಾತ್ರೆ ಬಿಡುಗಡೆ ಆಗೋದು.

ಅಜ್ಜಿ ಪೆನ್ನು ತೆಗೆದುಕೊಂಡರು, ಅಂಗಡಿಯ ಅಕ್ಷರ, ದುಂಡಗೆ, ಸಾಮಾನು ಚೀಟಿ ಬರೆಯುವಂತೆ ಎಡಗಡೆ ಕನ್ನಡದ ಅಂಕಿ, ಚುಕ್ಕೆ, ಮುಂದೆ ಹೆಸರು, ೧. ಅಮೃತಬಳ್ಳಿ, ೨. ನೆಲಬೇವು, ೩. ಹಿಪ್ಪಲಿ, ೪. ಒಣಶುಂಠಿ, ೫. ಜ್ಯೇಷ್ಠಮಧು, ೬. ಆಡುಸೋಗೆ, ರಂಜಿನಿ ಹಾಳೆಯ ಮೇಲೆ ಬಾಗಿದ್ದಾಳೆ, ಇದು ನಾಚಿಕೆಗೇಡು, ಇಂಥ ಹೊತ್ತಲ್ಲೂ ಅವಳಿಗೆ ತಿಳಿಯಬೇಕು, ಇಪ್ಪತ್ತು ವರ್ಷದಿಂದ ತಿಳಿಯಬೇಕು, ೭ ಅಂತ ಬರೆದರು ಅಜ್ಜಿ, ಚುಕ್ಕೆ ಇಟ್ಟರು, ಪೆನ್ನು ನಿಂತಿತು. ಹೇಳಬಾರದ್ದಾದ್ರೆ ನಾನು ಯಾರಿಗೂ ತೋರಿಸಲ್ಲ, ಅಂದರು ಡಾಕ್ಟರ್. ಹೇಳಬಾರದ್ದಲ್ಲಮ್ಮ, ಅಂದರು ಅಜ್ಜಿ, ಉಸಿರು, ಹೇಳೋಕೆ ನನಗೆ ಗೊತ್ತಿಲ್ಲ. ನಮ್ಮತ್ತೆ ಹೇಳ್ತೀನಿ ಹೇಳ್ತೀನಿ ಅಂದ್ಕೊಂಡೇ ಇದ್ರು, ಒಂದು ಬೆಳಗ್ಗೆ ಎದ್ದೇಳಲಿಲ್ಲ. ಉಸಿರು, ಹೂಂ ಅಂದಳು ರಂಜಿನಿ, ತನಗೇ ಗೊತ್ತಿಲ್ಲದೆ, ಉದ್ದವಾಗಿ. ಅವರು ಮಾಡಿದ ಕಷಾಯದ ರುಚಿ ನಾಲಿಗೆ ಮೇಲಿತ್ತು, ಆರು ಹಾಕಿದ್ರೆ ಆ ರುಚಿ ಬರಲ್ಲ. ಹೂಂ. ಅದಕ್ಕೆ ಒಂದೊಂದ್ಸಲ ಒಂದೊಂದು ಹಾಕಿ ನೋಡ್ತಿದ್ದೆ, ಅಂಗಡಿಲಿ ಏನು ಕಮ್ಮಿ, ಒಂದ್ಸಲ ಲಾವಂಚ, ಒಂದ್ಸಲ ಚಿತ್ರಮೂಲ, ಒಂದ್ಸಲ ಹೆಸರೇ ಗೊತ್ತಿಲ್ಲದ ಬೇರು, ಘಟ್ಟದ ಕಡೆಯೋರು ತಂದು ಕೊಟ್ಟಿದ್ದು. ಹೂಂ. ನಲವತ್ತು ವರ್ಷದಿಂದ ಹುಡುಕ್ತಾ ಇದೀನಿ. ಡಾಕ್ಟರ್ ಮುಂದಕ್ಕೆ ಬಾಗಿದರು, ಮೆತ್ತಗೆ ಕೇಳಿದರು, ಈ ಸಲದ್ದು, ಮಾರ್ಚ್ ಕೊನೆಗೆ ಕುಟ್ಟಿದ್ದು, ಅದರಲ್ಲಿ ಏನು ಹಾಕಿದ್ರಿ, ಇವರಿಗೆ ಕೊಟ್ಟಿದ್ರಲ್ಲಿ ಏನು ಹಾಕಿದ್ರಿ? ಅಜ್ಜಿ ಕಣ್ಣು ಮುಚ್ಚಿದರು, ಉಗ್ರಾಣದೊಳಗೆ ಹೋಗಿದ್ದಾರೆ, ರಂಜಿನಿಗೆ ಕಾಣುತ್ತಿದೆ, ಅಟ್ಟಣಿಗೆಯ ಮೇಲಿನ ಸಾಲು ಸಾಲು ಡಬ್ಬಿ, ಅಜ್ಜಿಯ ಕೈ ಒಂದು ಡಬ್ಬಿಯ ಮೇಲೆ, ಇನ್ನೊಂದರ ಮೇಲೆ, ಮುಚ್ಚಳ ತೆರೆಯುತ್ತದೆ, ಮೂಸುತ್ತಾರೆ, ಇದಲ್ಲ, ಮುಂದಿನದು, ಇದಲ್ಲ, ಯಾವುದೋ ಒಂದನ್ನು ಹಿಡಿಯಷ್ಟು ತೆಗೆದರು, ಯಾವುದು ಅಜ್ಜಿ, ಯಾವುದು, ಹೂಂ, ಹೇಳಿ, ಹೂಂ, ಈ ಹೂಂ ಎಷ್ಟು ಉದ್ದ ಎಳೆಯಬಹುದು, ಎಳೆದಷ್ಟು ಹೊತ್ತು ಎದುರಿಗೆ ಬಿಳೀ ಹಾಳೆ, ಹಾಳೆಯ ಮೇಲೆ ಆರು ಹೆಸರು ಒಂದರ ಕೆಳಗೊಂದು ತುಂಬಿಕೊಂಡು ನಿಂತಿವೆ, ಅವುಗಳ ಕೆಳಗೆ ೭, ಪೆನ್ನಿನ ತುದಿ ಅಲ್ಲೇ ಊರಿ ಚುಕ್ಕೆಯ ಶಾಯಿ ಅಗಲವಾಗುತ್ತಿದೆ, ೭, ಧರ್ಮರಾಜು ನೋಡುತ್ತಿದ್ದಾರೆ, ಡಾಕ್ಟರ್ ನೋಡುತ್ತಿದ್ದಾರೆ, ೭, ಅಗಲವಾಗುವ ಚುಕ್ಕೆ, ಅದರ ಮುಂದೆ ಬಿಳೀ ಹಾಳೆ, ೭, ಬಿಳೀ ಹಾಳೆ